ಲಿವರ್ ನಾಲ್ಕರಲ್ಲಿತ್ತು

ಸೇಜ್ ಬೆಂಚ್, ಯೂಟಾ
ಮಾರ್ಚ್ ೨, ಭಾನುವಾರ

ಡೆಲ್ಮರ್,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿರಬಹುದು. ಹಾಳೆ ದಂಡವಾಗುವುದು ಬೇಡವೆಂದು ಇದರಲ್ಲೇ ಮುಂದುವರಿಸಿದೆ. ಫೋನು ಮಾಡಿದರೆ ನಾನು ಬೈಯಲು ಶುರು ಮಾಡುತ್ತೇನೆ, ನೀನು ಹ್ಞೂಂಗುಟ್ಟಿ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆವರೆಗೂ ಓದಲೇಬೇಕು.

ಟ್ರೆಂಟ್‌ನ ಜೀಪನ್ನು ಕೌಂಟಿ ಪೊಲೀಸರು ಕೊನೆಗೂ ಬಿಟ್ಟುಕೊಟ್ಟರು. ಜೀಪ್ ಕ್ಲಬ್ಬಿನ ಲಾಯ್ಡ್ ತನ್ನ ಟ್ರೇಲರ್‌ನಲ್ಲಿ ಹೇರಿಕೊಂಡು ಬಂದ. ಅಂಗಳದಲ್ಲೇ ನಿಂತು, “ಇದನ್ನ ನೇರ ಗುಜರಿಗೆ ಹಾಕ್ಬಿಡು ಆರ್ಡಿತ್, ಕಣ್ಮುಂದೆ ಇಟ್ಕೊಂಡು ಯಾಕೆ ಒದ್ದಾಡ್ತೀಯ” ಅಂದ. ಅಳಿಯನನ್ನು ಕೊಂದ ಗಾಡಿಯನ್ನು ನಮ್ಮ ರಿಪೇರಿ ಅಂಗಡಿಯೊಳಗೆ ತರಲು ನನಗೂ ಮನಸ್ಸಿರಲಿಲ್ಲ. ಆದರೆ ಜನೀಲ್ ಬಾಗಿಲಿಗೆ ಬಂದು, “ಬೇಡ ಅಮ್ಮ. ಒಳಗೆ ತಗೊಳ್ಳಿ” ಅಂದಳು. ಅವಳು ಒಂದು ಪೂರ್ತಿ ಮಾತಾಡಿ ಎಷ್ಟು ದಿನವಾಗಿತ್ತೋ. ತಂದೆವು.

ನಿನ್ನ ಮಗಳು ಹೇಗಿದ್ದಾಳೆಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಶಾಲೆಯ ಬಸ್ಸು ಓಡಿಸುವ ಕೆಲಸ ಬಿಟ್ಟಳು. ಅವರಾಗಿ ಬಿಡಿಸಲಿಲ್ಲ, ಇವಳೇ ಬೀಗದ ಕೈ ಕೊಟ್ಟು ಬಂದಳು. “ನನ್ನ ಕೈನ ನಂಬೋಕಾಗಲ್ಲಮ್ಮ, ಅದರಲ್ಲಿ ಮಕ್ಕಳು ಕೂತಿರ್ತಾರೆ” ಅಂದಳು. ಸೈಕಲ್ಲನ್ನೂ ಹತ್ತುವುದಿಲ್ಲ. ಈಗ ಜೀಪು ಬಂದ ಮೇಲೆ ದಿನವಿಡೀ ಅದರ ಸೀಟಿನಲ್ಲಿ ಕೂತು, ಗೇರಿನ ಪಕ್ಕದ ಆ ಚಿಕ್ಕ ಲಿವರನ್ನು ಎರಡು ಚಕ್ರಕ್ಕೆ, ನಾಲ್ಕು ಚಕ್ರಕ್ಕೆ, ಮತ್ತೆ ಎರಡಕ್ಕೆ ಎಳೆಯುತ್ತಾಳೆ. “ಅವತ್ತು ಇದು ನಾಲ್ಕರಲ್ಲೇ ಇತ್ತು ಅಲ್ವಾ ಅಮ್ಮ?” ಎಂದು ಕೇಳುತ್ತಾಳೆ. “ಹೌದು ಕಣೇ, ಲಾಯ್ಡ್ ನೋಡಿದಾನೆ, ಪೊಲೀಸರು ಬರ್ಕೊಂಡಿದಾರೆ” ಅನ್ನುತ್ತೇನೆ. ಆಗ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ. ಆಘಾತವಾದಾಗ ಮನಸ್ಸು ಇಲ್ಲದ್ದನ್ನೆಲ್ಲ ಕಟ್ಟಿಕೊಳ್ಳುತ್ತದೆ ಎಂದು ಡಾಕ್ಟರು ಮಾತ್ರೆ ಹೆಚ್ಚಿಸಿದ್ದಾರೆ. ಏನು ಕಟ್ಟಿಕೊಂಡಿದ್ದಾಳೆಂದು ನನಗೆ ಹೇಳುವುದಿಲ್ಲ. ನನಗೆ ಭಯವಾಗುತ್ತದೆ ಡೆಲ್ಮರ್. ಅಡುಗೆಮನೆಯ ಚಾಕುಗಳನ್ನು ತೆಗೆದಿಟ್ಟಿದ್ದೇನೆ. ಒಬ್ಬನನ್ನು ಹೂತಿದ್ದೇವೆ, ಇನ್ನೊಬ್ಬಳನ್ನು ಕಳೆದುಕೊಳ್ಳಲು ನನ್ನಲ್ಲಿ ಶಕ್ತಿಯಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ನಿನ್ನೆ ಅವಳು ಮಲಗಿದ್ದಾಗ ನಾನು ಜೀಪಿನ ಕೆಳಗೆ ಹೋದೆ. ನೀನು ಪೊಲೀಸರ ಮುಂದೆ, ಕ್ಲಬ್ಬಿನವರ ಮುಂದೆ, ಬೀಗಿತ್ತಿ ಓಪಲ್‌ಳ ಮುಂದೆ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. ಬಂಡೆ ಹತ್ತಲೆಂದು ಗಾಡಿಯನ್ನು ಎತ್ತರಿಸಿದಾಗ ಮುಂದಿನ ಆಕ್ಸಲ್ಲನ್ನು ಸರಿಯಾಗಿ ತಿರುಗಿಸಲಿಲ್ಲ, ಸ್ಟೇರಿಂಗ್ ಚೆನ್ನಾಗಿ ಬರಲಿ ಎಂದು ಶಾಫ್ಟು ಸೇರುವ ಅದರ ಮೂತಿ ಕೆಳಗೇ ಬಿಟ್ಟೆ, ಶಾಫ್ಟಿನ ಜಾಯಿಂಟ್ ಅಂಕುಡೊಂಕಾಗಿ ತಿರುಗಿ ಸವೆದು ಮುರಿಯಿತು, ಹಿಂದಿನ ಶಾಫ್ಟು ಮೊದಲೇ ಬಿಚ್ಚಿದ್ದರಿಂದ ಗಾಡಿಯನ್ನು ಹಿಡಿದಿಡಲು ಏನೂ ಉಳಿಯಲಿಲ್ಲ, ನಿಲ್ಲಿಸಿದಲ್ಲಿಂದ ಇಳಿಜಾರಿಗೆ ಉರುಳಿಕೊಂಡು ಹೋಯಿತು. ಇಷ್ಟು ತಾನೆ?

ನಿನ್ನ ಜೊತೆ ಅಷ್ಟು ವರ್ಷ ಎಣ್ಣೆ ಮಸಿಯಲ್ಲಿ ಕೈ ಅದ್ದಿದವಳು ನಾನು. ಗಾಡಿ ಎತ್ತರವಾದರೆ ಎಂಜಿನ್ನಿನ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಶಾಫ್ಟು ಇಳಿಜಾರಾಗುತ್ತದೆ. ಆಕ್ಸಲ್ಲಿನ ಮೂತಿಯನ್ನು ಮೇಲೆತ್ತಿ ಶಾಫ್ಟಿಗೆ ನೇರ ಮಾಡಬೇಕು. ಮುಂದಿನ ಆಕ್ಸಲ್ಲಿಗೆ ಹಾಗೆ ಮಾಡಿದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಗಾಡಿ ಕುಡಿದವನ ಹಾಗೆ ಅಲೆಯುತ್ತದೆ. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಸೋಮಾರಿಗಳು ಒಂದನ್ನು ಆರಿಸಿಕೊಂಡು ಹಣ ಎಣಿಸಿಕೊಳ್ಳುತ್ತಾರೆ. ಎರಡೂ ಸರಿಯಾಗಬೇಕಾದರೆ ಆಕ್ಸಲ್ಲಿನ ಎರಡು ತುದಿಯಲ್ಲಿ ಚಕ್ರ ಹಿಡಿಯುವ ಗೆಣ್ಣುಗಳ ವೆಲ್ಡಿಂಗ್ ಕೊರೆದು, ಮೂತಿಯನ್ನು ಮೇಲೆತ್ತಿ, ಗೆಣ್ಣುಗಳನ್ನು ಮಾತ್ರ ಮೊದಲಿನ ಓರೆಗೆ ತಂದು ಮತ್ತೆ ಬೆಸೆಯಬೇಕು. ಮೈಮುರಿಯುವ ಕೆಲಸ. ನಾನು ಅಕ್ಕನ ಆಪರೇಷನ್ನಿಗೆಂದು ಊರಲ್ಲಿಲ್ಲದಾಗ ನೀನು ಆ ಜೀಪು ಎತ್ತರಿಸಿದ್ದೆ. ಹಾಗಾಗಿ ನಿನ್ನ ಮಾತು ನಂಬಿದೆ. ಮಗಳ ಗಂಡನ ಗಾಡಿಗೇ ಹೀಗೆ ಮಾಡಿದೆಯಾ ಎಂದು ನಿನ್ನನ್ನು ಮನೆಯಿಂದ ಹೊರಗೆ ಹಾಕಿದೆ.

ಮಾಪಕ ಇಟ್ಟು ನೋಡಿದೆ ಡೆಲ್ಮರ್. ಮೂತಿ ಶಾಫ್ಟಿಗೆ ಗೆರೆ ಎಳೆದ ಹಾಗೆ ನೇರವಾಗಿದೆ. ಗೆಣ್ಣಿನ ಮೇಲಿಟ್ಟೆ. ಅದೂ ಸರಿಯಾಗಿದೆ. ಲಾಂದ್ರ ಹತ್ತಿರ ಹಿಡಿದು ಕೊಳೆ ಕೆರೆದರೆ ಗೆಣ್ಣಿನ ಸುತ್ತ ನಿನ್ನ ಬೆಸುಗೆ. ಹೆಣೆದ ಸ್ವೆಟರಿನ ಅಂಚಿನ ಹಾಗೆ ಒಂದರ ಮೇಲೊಂದು ಒರಗಿದ ಆ ಸಾಲು ಈ ಕೌಂಟಿಯಲ್ಲಿ ಇನ್ಯಾರಿಗೂ ಬರುವುದಿಲ್ಲ. ಕೊರೆದು ತಿರುಗಿಸುವ ಕೆಲಸ ಮಾಡಿದ್ದೀಯ. ಅಲ್ಲಿ ಹಾಗೇ ಮಲಗಿಕೊಂಡು ಅತ್ತೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಆಮೇಲೆ ಮುರಿದ ಜಾಯಿಂಟನ್ನು ನೋಡಿದೆ. ಓರೆಯಲ್ಲಿ ತಿರುಗಿ ಸವೆದ ಜಾಯಿಂಟಿಗೆ ಉಜ್ಜಿದ ಹೊಳಪಿರುತ್ತದೆ, ಕಿವಿಗಳು ತಿರುಚಿರುತ್ತವೆ. ಇದರಲ್ಲಿ ಎರಡೂ ಇಲ್ಲ. ಇರುವುದು ಏಟಿನ ಗುರುತು. ಒಂದು ಮೂಲೆ ಹಾರಿಹೋದ ನಿನ್ನ ಸುತ್ತಿಗೆಯ ಗುರುತು. ಆ ಮೂಲೆ ಹಾರಿಸಿದ್ದು ನಾನೇ, ನೀನು ಬೈದದ್ದೂ ನೆನಪಿದೆ.

ನಮ್ಮ ಚರ್ಚಿನ ಹಾಲಿನಲ್ಲಿ, ಹೆಂಗಸರು ಆಲೂಗಡ್ಡೆ ಬೇಯಿಸಿ ತಂದಿಟ್ಟ ಮೇಜಿನ ಮುಂದೆ, ಹೆತ್ತ ಮಗನನ್ನು ಆಗಷ್ಟೇ ಮಣ್ಣು ಮಾಡಿ ಬಂದ ಓಪಲ್ ನಿನಗೆ, “ಎರಡು ದಿನದ ಕೆಲಸಕ್ಕೆ ಸೋಮಾರಿತನ ಮಾಡಿ ನನ್ನ ಮಗನ್ನ ತಿಂದ್ಯಲ್ಲೋ, ಆ ಕೈ ಬಿದ್ದುಹೋಗ್ಲಿ” ಅಂದಳು. ನೀನು ತಲೆ ತಗ್ಗಿಸಿ ನಿಂತೆ. ಲಾಯ್ಡ್ ಮರುದಿನವೇ ಬಂದು ಅರ್ಧ ಬಿಚ್ಚಿದ್ದ ತನ್ನ ಆಕ್ಸಲ್ಲನ್ನು ಎತ್ತಿಕೊಂಡು ಹೋದ. ಅದಾದ ಮೇಲೆ ಒಂದು ನರಪಿಳ್ಳೆಯೂ ಈ ಅಂಗಡಿಗೆ ಗಾಡಿ ತಂದಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡೆಯಲ್ಲ, ಯಾಕೆ? ಮಾಡದ ತಪ್ಪನ್ನು ಮಾಡಿದೆ ಎಂದು ಹೇಳಲು ಸುತ್ತಿಗೆ ಎತ್ತಿಕೊಂಡೆಯಲ್ಲ, ಯಾರಿಗೋಸ್ಕರ?

ನನಗೆ ಅನುಮಾನವಿದೆ. ಅದನ್ನು ನನ್ನ ಕೈಯಲ್ಲಿ ಬರೆಸಬೇಡ. ನೀನೇ ಬರೆ.

ಆರ್ಡಿತ್

ತಾ.ಕ.: ನಿನ್ನ ಉಣ್ಣೆಯ ಒಳಅಂಗಿಗಳು ಇಲ್ಲೇ ಉಳಿದಿವೆ. ನೆವಾಡದಲ್ಲಿ ಚಳಿ ಇನ್ನೂ ಹೋಗಿರಲಿಕ್ಕಿಲ್ಲ. ಬೇರೆ ಪಾರ್ಸೆಲಿನಲ್ಲಿ ಕಳಿಸಿದ್ದೇನೆ.

*

ಈಲಿ, ನೆವಾಡ
ಮಾರ್ಚ್ ೯

ಪ್ರೀತಿಯ ಆರ್ಡಿತ್,

ನಾನು ಹೊಡೆದುಹಾಕುತ್ತಿಲ್ಲ.

ಒಳಅಂಗಿ ಬಂತು. ಗಣಿಯ ಲಾರಿಗಳ ಟೈರು ಬಿಚ್ಚುವ ಕೆಲಸ, ಇಡೀ ದಿನ ಬಯಲಲ್ಲಿ. ಉಪಯೋಗಕ್ಕೆ ಬಂತು. ಇಲ್ಲಿ ಯಾರೂ ನನ್ನನ್ನು ಕೋನ ಅಳೆಯಲು ಕೇಳುವುದಿಲ್ಲ, ಅದೊಂದು ನೆಮ್ಮದಿ.

ನೀನು ಜೀಪಿನ ಕೆಳಗೆ ಹೋಗುತ್ತೀಯ ಎಂದು ಎಣಿಸಿರಲಿಲ್ಲ. ಗುಜರಿಗೆ ಹೋಗುತ್ತದೆ, ಮುಗಿಯುತ್ತದೆ ಅಂದುಕೊಂಡಿದ್ದೆ. ನನಗೆ ಬರೆಯಲು ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅವತ್ತು ಕ್ಲಬ್ಬಿನ ಸವಾರಿಯಲ್ಲಿ ಬಂಡೆಯ ಮೆಟ್ಟಿಲು ಇಳಿಯುವಾಗ ಟ್ರೆಂಟ್ ಹಿಂದಿನ ಶಾಫ್ಟನ್ನು ಕಲ್ಲಿಗೆ ಬಡಿದ. ಅದು ಯಾರ ತಪ್ಪೂ ಅಲ್ಲ, ಎಲ್ಲರೂ ಒಮ್ಮೆ ಬಡಿಯುತ್ತಾರೆ. ನಾವು ಅದನ್ನು ಬಿಚ್ಚಿ ಗಾಡಿಯೊಳಗೆ ಹಾಕಿದೆವು. ಲಿವರ್ ನಾಲ್ಕು ಚಕ್ರಕ್ಕೆ ಹಾಕಿಟ್ಟರೆ ಮುಂದಿನ ಶಾಫ್ಟಿನ ಬಲದಲ್ಲೇ ಮನೆ ತಲುಪಬಹುದು. ನಾನು ಟ್ರೆಂಟ್‌ಗೆ, “ಮನೆ ಸೇರೋವರೆಗೂ ಲಿವರ್ ಮುಟ್ಟಬೇಡ ಕಣೋ. ಎರಡಕ್ಕೆ ಹಾಕಿದ್ರೆ ಹಿಡಿಯೋಕೆ ಶಾಫ್ಟೇ ಇರಲ್ಲ, ಗೇರು ಪಾರ್ಕಲ್ಲಿಟ್ರೂ ಗಾಡಿ ನಿಲ್ಲಲ್ಲ, ಬರೀ ತೊಟ್ಟಿಲು” ಅಂದೆ. ಹ್ಯಾಂಡ್‌ಬ್ರೇಕ್ ಅವನು ಹಿಂದಿನ ಬ್ರೇಕು ಬದಲಾಯಿಸಿದಾಗಲೇ ಕಿತ್ತುಹಾಕಿದ್ದ. ಜೋಡಿಸು ಎಂದರೆ ಮುಂದಿನ ತಿಂಗಳು ಅನ್ನುತ್ತಿದ್ದ. ಆ ಹೊತ್ತಿಗೆ ಜನೀಲ್ ಮೇಲೆ ನಿಂತು ಗಾಡಿಗಳಿಗೆ ದಾರಿ ತೋರಿಸುತ್ತಿದ್ದಳು. ಅವಳು ಕೇಳಿಸಿಕೊಂಡಿಲ್ಲ.

ದಾರಿ ಮುಗಿಯುವ ಕಡೆ ಟ್ರೆಂಟ್ ಲಾಯ್ಡ್‌ನ ಗಾಡಿ ಹತ್ತಿ ಮುಂದೆ ಹೋದ, ಟೈರುಗಳಿಗೆ ಗಾಳಿ ತುಂಬಿಸಲು. ಜೀಪು ಜನೀಲ್ ಓಡಿಸಿಕೊಂಡು ಬಂದಳು. ನಾನು ಎಂದಿನಂತೆ ಸಾಲಿನ ಕೊನೆಯವನು. ನಾನು ತಲುಪುವಷ್ಟರಲ್ಲಿ ಜೀಪು ಇಳಿಜಾರಿನಲ್ಲಿ ಉರುಳಿ, ಲಾಯ್ಡ್‌ನ ಟ್ರೇಲರಿಗೂ ಅದಕ್ಕೂ ನಡುವೆ ಅವನು ಸಿಕ್ಕಿಕೊಂಡಿದ್ದ. ಜೀಪನ್ನು ಹಿಂದಕ್ಕೆ ತಳ್ಳುವಾಗ ಯಾರಾದರೂ ಸೀಟಿನಲ್ಲಿ ಕೂತು ಬ್ರೇಕು ಒತ್ತಬೇಕಿತ್ತು. ನಾನು ಹತ್ತಿದೆ. ಗೇರು ಪಾರ್ಕಿನಲ್ಲಿತ್ತು. ಲಿವರ್ ಎರಡರಲ್ಲಿತ್ತು.

ಆರ್ಡಿತ್, ಅವಳಿಗೆ ಗಾಡಿ ಕಲಿಸಿದವನು ನಾನು. ಕಲ್ಲುದಾರಿ ಮುಗಿದ ಕೂಡಲೇ ಲಿವರ್ ಎರಡಕ್ಕೆ ಹಾಕು, ಇಲ್ಲದಿದ್ದರೆ ಟಾರಿನಲ್ಲಿ ಗೇರು ಕಚ್ಚುತ್ತದೆ ಎಂದು ಅವಳ ಕೈಮೇಲೆ ಕೈಯಿಟ್ಟು ಕಲಿಸಿದ್ದೆ. ಮರೆತರೆ ತಲೆಗೆ ಮೊಟಕುತ್ತಿದ್ದೆ. ಅವಳು ಯೋಚಿಸಿ ಮಾಡಿದ್ದಲ್ಲ. ಕೈ ತಾನಾಗಿ ಹೋಗಿದೆ.

ನಾನು ನಾಲ್ಕಕ್ಕೆ ಹಾಕಿದೆ. ದೇವರಾಣೆ, ಆಗ ಗಾಡಿ ಮತ್ತೆ ಉರುಳದಿರಲೆಂದೇ ಹಾಕಿದ್ದು. ಸುಳ್ಳು ಹುಟ್ಟಿದ್ದು ಆಮೇಲೆ. ಹೆಲಿಕಾಪ್ಟರ್ ಬರುವ ಮೊದಲೇ ಅವನು ಹೋದ. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪೊಲೀಸು ಬಂದು, ಪಾರ್ಕಿನಲ್ಲಿದ್ದ ಗಾಡಿ ಹೇಗೆ ಉರುಳಿತು ಅಂದ. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಆ ನೋಟಕ್ಕೆ ನಾನು ಏನನ್ನಾದರೂ ಹೇಳಿಬಿಡುತ್ತಿದ್ದೆ. ಮುಂದಿನ ಜಾಯಿಂಟ್ ಹೋಗಿದೆ, ನನ್ನ ಕೆಲಸ ಕೆಟ್ಟದಾಗಿತ್ತು ಅಂದೆ. ಕಲ್ಲಿಗೆ ಬಡಿಯಿತು ಅಂದಿದ್ದರೆ ಯಾರು ಬಡಿಸಿದರು ಎಂಬ ಪ್ರಶ್ನೆ ಬರುತ್ತಿತ್ತು. ಅರೆಬರೆ ಕೆಲಸ ಮಾಡುವವರು ಬೇಕಾದಷ್ಟು ಜನ ಇರುವುದರಿಂದ ಎಲ್ಲರೂ ನಂಬಿದರು. ಗಾಡಿಯನ್ನು ಟ್ರೇಲರಿಗೆ ಹೇರುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಸುತ್ತಿಗೆ ಅಲ್ಲಿ ಬಳಸಿದೆ. ಜಾಯಿಂಟ್ ಒಳ್ಳೆಯದಿತ್ತು, ಬೇಗ ಮುರಿಯಲಿಲ್ಲ.

ಓಪಲ್ ಬೈದದ್ದು ನನಗೆ ನೋಯಲಿಲ್ಲ. ನೀನು “ಮಗಳ ಬಾಳಿಗೇ ಕೈ ಹಾಕ್ದೆ” ಎಂಬಂಥ ಮಾತಾಡಿದಾಗ ನೊಂದೆ, ಆದರೆ ಅದೂ ಬೇಕಿತ್ತು. ಊರಿಗೆಲ್ಲ ನಾನು ತಪ್ಪಿತಸ್ಥನಾದರೆ ಅವಳ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಊರು ಬಿಟ್ಟದ್ದು ನಿನ್ನಿಂದಲ್ಲ. ಅವಳು ಅಡುಗೆಮನೆಯಲ್ಲಿ, “ಅಪ್ಪ, ಲಿವರ್ ನಾಲ್ಕರಲ್ಲಿತ್ತಾ?” ಎಂದು ಮೆಲ್ಲಗೆ ಕೇಳಿದಳು. ಇತ್ತು ಮಗಳೇ ಅಂದೆ. ಇನ್ನೊಂದು ಸಲ ಕೇಳಿದರೆ ನನ್ನ ಕೈಲಿ ಆಗುವುದಿಲ್ಲ ಅನ್ನಿಸಿತು.

ನಿನಗೆ ಕೈಮುಗಿದು ಕೇಳುತ್ತೇನೆ, ಇದು ನಿನ್ನಲ್ಲೇ ಸಾಯಲಿ. ಗಂಡನನ್ನು ಕೊಂದವಳು ಎಂಬುದನ್ನು ಅವಳು ಹೊರಲಾರಳು. ನಾನು ಹೊರಬಲ್ಲೆ, ನನಗೆ ಅಭ್ಯಾಸವಾಗಿದೆ. ಈ ಕಾಗದವನ್ನು ಒಲೆಗೆ ಹಾಕು.

ನಿನ್ನ
ಡೆಲ್ಮರ್

ತಾ.ಕ.: ಆ ಜೀಪಿಗೆ ಈಗಲೂ ಹ್ಯಾಂಡ್‌ಬ್ರೇಕ್ ಇಲ್ಲ. ಅವಳು ಒಳಗೆ ಕೂತು ಲಿವರ್ ಎಳೆಯುತ್ತಾಳೆ ಅಂದೆಯಲ್ಲ. ಚಕ್ರಗಳಿಗೆ ಎರಡೂ ಕಡೆ ಮರದ ದಿಮ್ಮಿ ಕೊಡು. ಇವತ್ತೇ ಕೊಡು.

*

ಸೇಜ್ ಬೆಂಚ್
ಮಾರ್ಚ್ ೧೭

ಅಪ್ಪ,

ಅಮ್ಮ ಬರೆಯುತ್ತಿಲ್ಲ, ನಾನು ಬರೆಯುತ್ತಿದ್ದೇನೆ. ಅವಳು ನಿನ್ನ ಕಾಗದವನ್ನು ಒಲೆಯವರೆಗೂ ತೆಗೆದುಕೊಂಡು ಹೋದಳಂತೆ. ಆಮೇಲೆ ಜೀಪಿನ ಹತ್ತಿರ ಬಂದು ನನ್ನ ಮಡಿಲಿಗೆ ಹಾಕಿ, “ನಿಮ್ಮಪ್ಪ ಬೇಡ ಅಂದಿದಾನೆ. ಆದ್ರೆ ನೀನು ಹೀಗೆ ದಿನಾ ಸಾಯೋದನ್ನ ನೋಡೋಕೆ ನನ್ನಿಂದಾಗಲ್ಲ” ಎಂದು ಅಂಗಳಕ್ಕೆ ಹೋದಳು. ದಿಮ್ಮಿ ಕೊಟ್ಟಿದ್ದಾಳೆ. ಅದರ ಚಿಂತೆ ಬೇಡ.

ನಾನು ಕೇಳಿಸಿಕೊಂಡಿರಲಿಲ್ಲ ಎಂದು ಬರೆದಿದ್ದೀಯ. ಟ್ರೆಂಟ್ ಲಾಯ್ಡ್‌ನ ಗಾಡಿ ಹತ್ತುವ ಮೊದಲು ನನಗೆ ಹೇಳಿದ್ದ ಅಪ್ಪ. “ಲಿವರ್ ಮುಟ್ಬೇಡ ಕಣೇ ಮಹಾರಾಯ್ತಿ, ನಿಮ್ಮಪ್ಪ ನನ್ನ ಸಿಗಿದುಹಾಕ್ತಾನೆ” ಅಂದ. ಗೊತ್ತು ಹೋಗೋ ಅಂದೆ. ಜಲ್ಲಿಯ ಬಯಲಿಗೆ ಬಂದಾಗ ನನ್ನ ಕನ್ನಡಿಯಲ್ಲಿ ನೀನು ಕಾಣಲಿಲ್ಲ. ಹಿಂದಿನ ಗಾಡಿ ಕಾಣದಿದ್ದರೆ ನಿಲ್ಲಬೇಕು ಎಂದು ನೀನೇ ಕಲಿಸಿದ್ದು, ನಿಲ್ಲಿಸಿದೆ. ಇಳಿದು ನಿನಗಾಗಿ ಹಿಂದೆ ತಿರುಗಿ ನೋಡುತ್ತ ನಿಂತೆ. ಬೆನ್ನ ಹಿಂದೆ ಜಲ್ಲಿ ಕರಕರ ಅಂದಾಗ ನನ್ನ ಕೈಗೆ ನೆನಪಾಯಿತು. ಲಿವರ್ ಎಳೆದದ್ದು, ಅದು ಟಕ್ ಅಂದದ್ದು, ಎಲ್ಲ.

ಎಲ್ಲ ಗೊತ್ತಿತ್ತು ನನಗೆ. ಅವನ ಮೇಲೆ ಹೊದಿಸಲು ಕಂಬಳಿ ತರಲೆಂದು ಜೀಪಿಗೆ ಹೋದೆ. ಲಿವರ್ ನಾಲ್ಕರಲ್ಲಿತ್ತು.

ಅವತ್ತಿನಿಂದ ನಾನು ಹೇಗಿದ್ದೆ ಎಂದು ನಿನಗೆ ಹೇಗೆ ಹೇಳಲಿ? ಕೈ ಎಳೆದೆ ಅನ್ನುತ್ತದೆ. ಕಣ್ಣು ಇಲ್ಲ ಅನ್ನುತ್ತದೆ. ನೀನು ಇಲ್ಲ ಅಂದೆ, ಪೊಲೀಸರು ಇಲ್ಲ ಅಂದರು, ಡಾಕ್ಟರು ಅದನ್ನೊಂದು ಕಾಯಿಲೆ ಅಂದರು. ಆಗದ್ದು ನೆನಪಿದ್ದರೆ ಇನ್ನು ಏನೇನು ಆಗಿಲ್ಲವೋ? ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಹತ್ತು ಸಲ ಎದ್ದು ನೋಡುತ್ತಿದ್ದೆ. ಮಕ್ಕಳು ತುಂಬಿದ ಬಸ್ಸನ್ನು ಹೇಗೆ ಓಡಿಸಲಿ? ನನಗೆ ತಲೆ ಕೆಟ್ಟಿಲ್ಲ ಎಂದು ನಿನ್ನೊಬ್ಬನಿಗೆ ಗೊತ್ತಿತ್ತು, ನೀನು ನೆವಾಡದಲ್ಲಿ ಟೈರು ಬಿಚ್ಚುತ್ತಿದ್ದೆ.

ಮೂತಿ ಒಂದನ್ನೇ ತಿರುಗಿಸಿದರೆ ಸ್ಟೇರಿಂಗ್ ಮರಳಿ ಬರುವುದಿಲ್ಲ ಎಂದು ನನಗೆ ಹೇಳಿಕೊಟ್ಟವನು ನೀನು. ಯಾರ ಗಾಡಿಗೂ ನೀನು ಅಂಥ ಅರೆಬರೆ ಕೆಲಸ ಮಾಡಿದವನಲ್ಲ. ನನಗೆ ಮಾಡಿದೆ. ನನಗೆ ಸಿಟ್ಟಿದೆ ಅಪ್ಪ, ತುಂಬ ಇದೆ. ನಿನ್ನನ್ನು ನೆನೆದು ಅಳುತ್ತೇನೆ, ಅದೂ ನಿಜ.

ಶುಕ್ರವಾರ ಓಪಲ್ ಅತ್ತೆಯ ಮನೆಗೆ ನಡೆದುಕೊಂಡು ಹೋಗಿ ಹೇಳಿದೆ. ಅಪ್ಪನ ತಪ್ಪಲ್ಲ, ನನ್ನ ಕೈ ಅಂತ. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ, “ಯಾಕೆ ಬಂದು ಹೇಳ್ದೆ? ನಿಮ್ಮಪ್ಪನ ಮೇಲೆ ಸಿಟ್ಟು ಮಾಡ್ಕೊಂಡು ಹೇಗೋ ದಿನ ತಳ್ತಿದ್ದೆ. ಈಗ ಯಾರ ಮೇಲೆ ಮಾಡ್ಲಿ? ನಿನ್ನ ಮೇಲೆ ಮಾಡೋಕಾಗಲ್ವಲ್ಲೇ, ನನ್ನ ಮಗ ನಿನ್ನನ್ನ ಪ್ರಾಣದ ಹಾಗೆ ನೋಡ್ಕೊಂಡಿದ್ದ” ಅಂದಳು. ಬೈಯಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು. ಪೊಲೀಸಿನವನಿಗೂ ಹೇಳಿದ್ದೇನೆ. ಅವನು ನಿನ್ನನ್ನೂ ಕರೆಸುತ್ತಾನೆ, ಸುತ್ತಿಗೆಯ ವಿಷಯ ಕೇಳುತ್ತಾನೆ. ಇದ್ದದ್ದನ್ನು ಇದ್ದ ಹಾಗೆ ಹೇಳು.

ಮಾತ್ರೆ ಕಡಿಮೆ ಮಾಡಿದ್ದಾರೆ. ನಿದ್ದೆ ಬರುತ್ತಿದೆ. ಎದ್ದ ಕೂಡಲೇ ಅವನನ್ನು ನಾನೇ ಕೊಂದೆ ಎಂಬುದು ನೆನಪಾಗುತ್ತದೆ, ಆಗ ಸ್ವಲ್ಪ ಹೊತ್ತು ಉಸಿರು ಸಿಗುವುದಿಲ್ಲ. ಆಮೇಲೆ ಸಿಗುತ್ತದೆ. ಬಸ್ಸನ್ನು ಇನ್ನು ಓಡಿಸುತ್ತೇನೋ ಇಲ್ಲವೋ ಗೊತ್ತಿಲ್ಲ.

ಅಮ್ಮ ಹಾಸಿಗೆಯಲ್ಲಿ ನಿನ್ನ ಕಡೆಯ ಹೊದಿಕೆ ಬದಲಾಯಿಸಿದ್ದಾಳೆ, ಯಾಕೆಂದು ಕೇಳಿದರೆ ಸುಮ್ಮನೆ ಗುರ್ ಅನ್ನುತ್ತಾಳೆ.

ನಿನ್ನ ಮಗಳು
ಜನೀಲ್

ತಾ.ಕ.: ಇನ್ನೊಂದಿದೆ, ಯಾರಿಗೂ ಹೇಳಿಲ್ಲ. ನೀನು ಬರುವ ಮೊದಲು ಟ್ರೆಂಟ್‌ಗೆ ಇನ್ನೂ ಮಾತು ಬರುತ್ತಿತ್ತು. “ಲಿವರ್ ಎಲ್ಲಿದೆ?” ಎಂದು ಕೇಳಿದ. ನಾಲ್ಕರಲ್ಲಿದೆ ಅಂದೆ. “ಹಾಗಾದ್ರೆ ನಿನ್ನದೇನೂ ತಪ್ಪಿಲ್ಲ, ಬಿಡು” ಅಂದ. ಅವನಿಗೆ ನಾನು ಹೇಳಿದ ಸುಳ್ಳು ಅದೊಂದೇ ಅಪ್ಪ. ಆಮೇಲೆ ಕಂಬಳಿಗೆಂದು ಹೋಗಿ ನೋಡಿದರೆ ನೀನು ಅದನ್ನು ನಿಜ ಮಾಡಿಟ್ಟಿದ್ದೆ.